ಮಲಗಿದ್ದ ಬೋಟುಗಳು

ಫೆಬ್ರವರಿ 11, ಮಂಗಳವಾರ

ಇವತ್ತೂ ಬೂಟಿನೊಳಗೆ ಮೀನಿನ ನೀರು. ಬೆಳಗಾಗುವ ಮೊದಲೇ ಬೋಟುಗಳು ಬಂದು ನಿಲ್ಲುವ ಧಕ್ಕೆಯಲ್ಲಿ. ಜೊತೆಗೆ ಸಂಶೋಧನಾ ಕೇಂದ್ರದ ಮೇಡಂ. ನಮ್ಮ ಆಫೀಸಿನಲ್ಲಿ ಅವರಿಗೆ ಅಳತೆಗೋಲು ಅಂತಲೇ ಹೆಸರು. ಯಾವ ಬೋಟಿನಿಂದ ಬುಟ್ಟಿ ಇಳಿದರೂ ಸ್ಟೀಲ್ ಸ್ಕೇಲು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತುಬಿಡುತ್ತಾರೆ. ಒಂದೊಂದೇ ಮೀನನ್ನು ಸ್ಕೇಲಿನ ಮೇಲೆ ಮಲಗಿಸಿ ಉದ್ದ ಓದುವುದು ಅವರು, ಬರೆದುಕೊಳ್ಳುವುದು ನಾನು. ಹೋದ ವರ್ಷಕ್ಕಿಂತ ಗಿಡ್ಡ. ಅದರ ಹಿಂದಿನ ವರ್ಷಕ್ಕಿಂತ ಇನ್ನೂ ಗಿಡ್ಡ. ಒಂದರ ಹೊಟ್ಟೆ ಸೀಳಿ ತೋರಿಸಿದರು. ಮೊಟ್ಟೆಯ ಸುಳಿವೇ ಇಲ್ಲ.

“ನೋಡಿ, ಇನ್ನೂ ಸ್ಕೂಲಿಗೆ ಹೋಗೋ ವಯಸ್ಸು ಇದಕ್ಕೆ. ಒಂದು ಸಲಾನೂ ಮೊಟ್ಟೆ ಇಡದೆ ಮಾರ್ಕೆಟ್ಟಿಗೆ ಬಂದುಬಿಟ್ಟಿದೆ. ಹಿಂಗೇ ಆದ್ರೆ ಇನ್ನೊಂದು ಐದು ವರ್ಷಕ್ಕೆ ನೀವೂ ನಾನೂ ಇಲ್ಲಿ ಬಂದು ನೀರು ಅಳೀಬೇಕು.”

ನಗಲಿಕ್ಕೆ ಹೇಳಿದ ಮಾತು. ಇಬ್ಬರೂ ನಗಲಿಲ್ಲ.

ನಮ್ಮ ಮೀನುಗಾರಿಕೆ ಇಲಾಖೆಯ ಹೆಡ್ ಆಫೀಸಿನಿಂದ ಆರ್ಡರ್ ಬಂದಿದೆ. ಮಳೆಗಾಲ ಕಳೆದು ಹೊಸ ಸೀಸನ್ ಶುರುವಾಗುವುದರೊಳಗೆ ಬೋಟು ಲೈಸೆನ್ಸುಗಳಲ್ಲಿ ಮೂರರಲ್ಲೊಂದು ಭಾಗ ಹೋಗಬೇಕು. ಯಾರದ್ದು ಹೋಗಬೇಕು, ಯಾರದ್ದು ಉಳಿಯಬೇಕು — ಅದನ್ನು ನೀವೇ ನೋಡಿಕೊಳ್ಳಿ ಅಂತ. ಲೈಸೆನ್ಸ್ ವಿಭಾಗ ಅಂದರೆ ನಾನು. ನಾಳೆ ಬೋಟು ಮಾಲೀಕರ ಸಂಘದ ಜೊತೆ ಮೀಟಿಂಗ್. ನಮ್ಮ ಆಫೀಸಿನ ಸಾಹೇಬರು ಊಟದ ಡಬ್ಬಿ ತೆಗೆದರು, ನೋಡಿದರು, ಮುಚ್ಚಿಟ್ಟರು.

ಫೆಬ್ರವರಿ 12, ಬುಧವಾರ

ಮೀಟಿಂಗಿನಲ್ಲಿ ಕುರ್ಚಿ ಮುರಿಯುವುದೊಂದು ಬಾಕಿ.

ಸಂಘದ ಅಧ್ಯಕ್ಷರು ಎದ್ದು ನಿಂತೇ ಮಾತಾಡಿದರು. “ಸಾಹೇಬ್ರೇ, ಮೀನು ಕಮ್ಮಿಯಾಗಿರೋದು ನಮಗೆ ಗೊತ್ತಿಲ್ವಾ? ಬಲೆ ಎಳೆಯೋರು ನಾವು. ಆದ್ರೆ ಯಾರ ಹೊಟ್ಟೆ ಮೇಲೆ ಹೊಡೀತೀರಿ ಅಂತ ಹೇಳಿ. ಇವನ್ದಾ? ಅವನ್ದಾ? ಬೆರಳು ತೋರ್ಸಿ ನೋಡೋಣ!”

ಯಾರೂ ಬೆರಳು ತೋರಿಸಲಿಲ್ಲ. ಆಗ ನಾನು ಬಾಯಿ ತೆಗೆದೆ.

ಹೇಳಿದ್ದು ಇಷ್ಟೇ: ಲೈಸೆನ್ಸ್ ಇದ್ದೂ ಕಡಲಿಗೆ ಹೋಗದ ಬೋಟುಗಳು ಎಷ್ಟೋ ಇವೆ. ಧಕ್ಕೆಯಲ್ಲಿ ಕಟ್ಟಿದ್ದು ಕಟ್ಟಿದ ಹಾಗೇ. ಮಾಲೀಕರಿಗೆ ವಯಸ್ಸಾಗಿರಬಹುದು, ಬೇರೆ ಕೆಲಸ ಹಿಡಿದಿರಬಹುದು. ಇವತ್ತು ಅವು ಒಂದು ಮೀನನ್ನೂ ಹಿಡಿಯುತ್ತಿಲ್ಲ. ಆದರೆ ನಾಳೆ ಮೀನು ಹೆಚ್ಚಾಯಿತು ಅಂತ ಗೊತ್ತಾದ ದಿನ ಎಲ್ಲವೂ ಎದ್ದು ಹೊರಡುತ್ತವೆ. ಉಳಿಸಿದ್ದೆಲ್ಲ ಒಂದೇ ಸೀಸನ್ನಿಗೆ ಮಾಯ. ಎರಡು ವರ್ಷದಿಂದ ಮಲಗಿರುವ ಬೋಟುಗಳ ಲೈಸೆನ್ಸ್ ತೆಗೆಯೋಣ. ಯಾರ ಮನೆಯ ಒಲೆಯೂ ಆರುವುದಿಲ್ಲ.

ಮೊದಲು ಅಳತೆಗೋಲು ಮೇಡಂ ತಲೆಯಾಡಿಸಿದರು. “ನನಗೂ ಭಯ ಇದ್ದಿದ್ದು ಆ ಬೋಟುಗಳದ್ದೇ.” ಅಧ್ಯಕ್ಷರು ಕೂತರು. ಕೂತವರು ಫ್ಲಾಸ್ಕಿನಿಂದ ನನಗೆ ತಾವೇ ಟೀ ಬಗ್ಗಿಸಿಕೊಟ್ಟರು. “ನೀವು ನಮ್ಮ ಧಕ್ಕೆಯ ಮಗಳು ಕಣಮ್ಮ. ಅದಕ್ಕೇ ಇಂಥ ಬುದ್ಧಿ ಬಂತು.”

ಸಂಜೆಯೊಳಗೆ ಇಡೀ ಆಫೀಸಿನಲ್ಲಿ ಅದಕ್ಕೊಂದು ಹೆಸರು — ಮಲಗಿದ ಬೋಟುಗಳ ಪ್ಲಾನ್.

ಬಸ್ಸಿನಲ್ಲಿ ಬರುವಾಗ ಅಣ್ಣನ ಬೋಟು ನೆನಪಾಯಿತು. ನೆನಪಾಯಿತು ಅಂತ ಬರೆಯುವುದು ಸುಳ್ಳು, ಮೀಟಿಂಗಿನಲ್ಲೂ ತಲೆಯಲ್ಲಿತ್ತು. ಅತ್ತಿಗೆ ಹಾಸಿಗೆ ಹಿಡಿದಂದಿನಿಂದ ಅದೂ ಕಟ್ಟಿಯೇ ಇದೆ. ಆದರೆ ಅವನೇ ಹೇಳಿದ್ದಾನಲ್ಲ, ಆಸ್ಪತ್ರೆಯ ವರಾಂಡದಲ್ಲಿ: “ಸಾಕು ಕಣೇ ನಂಗೆ ಕಡಲು. ಇನ್ನು ಅತ್ತ ತಲೆ ಹಾಕಿ ಮಲಗಲ್ಲ.” ಹಾಗಾಗಿ ಯಾರಿಗೂ ನಷ್ಟವಿಲ್ಲ.

ಫೆಬ್ರವರಿ 23, ಭಾನುವಾರ

ಅತ್ತಿಗೆ ನಿಂತಳು!

ಕಿಟಕಿಯ ಸರಳು ಹಿಡಿದು, ಎಡಗಾಲಿನ ಮೇಲೆ ಭಾರ ಹಾಕಿ, ಬಲಗಾಲು ಎಳೆದುಕೊಂಡು. ಒಂದು ಹಾಡು ಮುಗಿಯುವಷ್ಟು ಹೊತ್ತು. ಕೂತ ಮೇಲೆ ನನ್ನ ಮುಖ ನೋಡಿ, “ಏನೇ ಬಾಯಿ ಬಿಟ್ಕೊಂಡು ನೋಡ್ತಿದ್ಯಾ, ನೊಣ ಹೋದೀತು” ಅಂದಳು. ನಾಲಿಗೆ ಇನ್ನೂ ತೊದಲು. ‘ನೊಣ’ ಅನ್ನುವುದು ‘ನೋನ’ ಆಗುತ್ತದೆ. ಆದರೆ ಆ ನಾಲಿಗೆಯ ಮೊನಚು ಒಂದು ಕೂದಲಷ್ಟೂ ಹೋಗಿಲ್ಲ.

ಈ ಮನೆಗೆ ಅವಳು ಸೊಸೆಯಾಗಿ ಬಂದಾಗ ನಾನು ಏಳನೇ ಕ್ಲಾಸು. ನನ್ನ ತಲೆಯ ಹೇನು ಹೆಕ್ಕಿದವಳು, ಪರೀಕ್ಷೆಯ ದಿನ ಬೆನ್ನ ಮೇಲೊಂದು ಗುದ್ದಿ ಕಳಿಸಿದವಳು ಅವಳೇ. ಧಕ್ಕೆಯಲ್ಲಿ ಮೀನು ಹರಾಜು ಕೂಗುತ್ತಿದ್ದಳು. ಮೈಕು ಬೇಡ. ಅವಳು ಒಂದು ಸಲ ಕೂಗಿದರೆ ಆಚೆ ದಡದ ನಾಯಿ ಎದ್ದು ಕೂರುತ್ತಿತ್ತು. ಆ ಗಂಟಲು ಹೀಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ನಿಂತುಹೋಯಿತು. ಸ್ಟ್ರೋಕ್. ಬಲಭಾಗ ಪೂರ್ತಿ.

ಅಂದಿನಿಂದ ಅಣ್ಣನೇ ಎಲ್ಲ. ನಾನು ಮಾಡುತ್ತೇನೆಂದರೂ ಬಿಡುವುದಿಲ್ಲ. ಮೈ ತೊಳೆಸುವುದು, ಊಟ ಮಾಡಿಸುವುದು, ಕೈಕಾಲು ನೀವುವುದು, ತಲೆ ಬಾಚುವುದು. ಜಡೆ ಹಾಕಲು ಗೊತ್ತಿಲ್ಲ, ಬೋಟಿನ ಹಗ್ಗ ಹೊಸೆದಂತೆ ಹೊಸೆಯುತ್ತಾನೆ. “ನಿನ್ನಣ್ಣ ಹಾಕಿದ ಜಡೆಗೆ ಲಂಗರು ಕಟ್ಟಿದ್ರೂ ಬಿಚ್ಚಲ್ಲ” ಅನ್ನುತ್ತಾಳೆ.

ಅವಳು ನಿಂತ ಮೇಲೆ ಅಣ್ಣ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟ. ತುಂಬಾ ಹೊತ್ತು. ಅತ್ತಿಗೆ ನನ್ನ ಕಡೆ ಕಣ್ಣು ಹೊಡೆದಳು — “ನೀರಿನ ಬಿಲ್ಲು ಬರುತ್ತೆ ಅಂತ ಹೇಳು.”

ಮಾರ್ಚ್ 20, ಗುರುವಾರ

ಆಫೀಸಿನಿಂದ ಬಂದರೆ ಬಾಗಿಲಲ್ಲೇ ಪೇಂಟಿನ ವಾಸನೆ. ಅಣ್ಣನ ಕೈ, ಕತ್ತು, ಹುಬ್ಬು ಎಲ್ಲ ನೀಲಿ.

“ಬೋಟು ಕೆರೀತಿದ್ದೀನಿ,” ಅಂದ. “ತಳದಲ್ಲಿ ಒಂದು ಕಾಡೇ ಬೆಳೆದಿದೆ. ಇಂಜಿನ್ನೂ ಜಾಮ್ ಆಗಿದೆ. ಸರಿ ಮಾಡಿದ್ರೆ ಹೊಸ ಸೀಸನ್ನಿಗೆ ಇಳಿಸಬಹುದು.”

ಒಳಗಿಂದ ಅತ್ತಿಗೆ: “ನಾನೇ ಅಟ್ಟಿದ್ದು ಕಣೇ! ದಿನವಿಡೀ ನನ್ನ ಮುಖ ನೋಡ್ಕೊಂಡು ಕೂತ್ರೆ ಮೀನು ತಾನಾಗೇ ಬಂದು ಬಾಯಿಗೆ ಬೀಳುತ್ತಾ? ನಾನೀಗ ಬಚ್ಚಲಿಗೆ ಒಬ್ಬಳೇ ಹೋಗ್ತೀನಿ. ಇವರು ಕಡಲಿಗೆ ಹೋಗ್ಲಿ.”

ಅಣ್ಣ ನಗುತ್ತಿದ್ದ. ಎರಡು ವರ್ಷದಲ್ಲಿ ಮೊದಲ ಸಲ ಹಲ್ಲು ಕಾಣುವ ಹಾಗೆ.

ನನ್ನ ಪ್ಲಾನ್ ಹೆಡ್ ಆಫೀಸಿಗೆ ಹೋಗಿ ಒಂದು ವಾರವಾಯಿತು. ಇವತ್ತು ಮಾತಾಡಬೇಕಿತ್ತು. ಆರ್ಡರ್ ಆಗುವ ಮೊದಲು ಹೊರಗೆ ಬಾಯಿ ಬಿಡುವ ಹಾಗಿಲ್ಲ... ಅದು ನೆಪ. ಅವನ ಹುಬ್ಬಿನ ಮೇಲಿನ ನೀಲಿ ಒರೆಸಿಕೊಟ್ಟು ಮೇಲಿನ ನನ್ನ ರೂಮಿಗೆ ಬಂದುಬಿಟ್ಟೆ.

ಮಾರ್ಚ್ 21, ಶುಕ್ರವಾರ

ಸಾಹೇಬರ ಚೇಂಬರಿಗೆ ಹೋಗಿ ಕೇಳಿದೆ. ಮನೆಯಲ್ಲಿ ಕಾಯಿಲೆ ಇದ್ದು ಬೋಟು ನಿಲ್ಲಿಸಿದವರಿಗೆ ವಿನಾಯಿತಿ ಕೊಡಬಹುದಲ್ಲ ಸಾರ್?

ಪೆನ್ನು ಕೆಳಗಿಟ್ಟರು. “ಕೊಡಬಹುದು. ಕೊಟ್ಟ ಮಾರನೇ ದಿನ ಊರಿನ ಡಾಕ್ಟರುಗಳೆಲ್ಲ ಸರ್ಟಿಫಿಕೇಟ್ ಅಂಗಡಿ ತೆಗೀತಾರೆ. ಮಲಗಿದ ಬೋಟುಗಳ ಮನೇಲೆಲ್ಲ ಒಬ್ಬೊಬ್ಬರು ಮಲಗಿರ್ತಾರೆ.” ಆಮೇಲೆ ದನಿ ತಗ್ಗಿಸಿದರು. “ಮನೆಯವರದ್ದಾ?”

“ಅಣ್ಣಂದು ಸಾರ್.”

“ಛೆ.” ಕಿಟಕಿಯ ಕಡೆ ನೋಡಿದರು. “ಬರೆದು ಕೇಳ್ತೀನಿ. ಆಸೆ ಇಟ್ಕೋಬೇಡಿ.”

ಒಳ್ಳೆಯ ಮನುಷ್ಯ. ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ಏಪ್ರಿಲ್ 9, ಬುಧವಾರ. ಸಂಜೆ

ಹೆಡ್ ಆಫೀಸಿನಿಂದ ಉತ್ತರ: ಯಾರಿಗೂ ಯಾವ ವಿನಾಯಿತಿಯೂ ಇಲ್ಲ. ನಾಳೆ ಆರ್ಡರ್ ಹೊರಬೀಳುತ್ತದೆ. ಧಕ್ಕೆಯಲ್ಲಿ ಮೂರನೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಅಂತ ಅಡುಗೆಮನೆಗೆ ಹೋದೆ. ಅಣ್ಣ ಈರುಳ್ಳಿ ಹೆಚ್ಚುತ್ತಿದ್ದ.

“ಅಣ್ಣಾ, ನಾಳೆ ಆರ್ಡರ್ ಬರುತ್ತೆ. ಎರಡು ವರ್ಷದಿಂದ ಕಡಲಿಗೆ ಹೋಗದ ಬೋಟುಗಳಿಗೆ ಇನ್ನು ಲೈಸೆನ್ಸ್ ಇಲ್ಲ.”

ಚಾಕು ನಿಲ್ಲಲಿಲ್ಲ. “ನಮ್ದೂ?”

“ನಮ್ದೂ.”

“ಯಾವ ತಲೆಕೆಟ್ಟೋನು ಬರೆದಿದ್ದು ಇದನ್ನ?”

ಸುಮ್ಮನಿರಬಹುದಿತ್ತು. ಹೆಡ್ ಆಫೀಸಿನವರು ಅಂದುಬಿಡಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ, ಸಹಿ ಅವರದ್ದೇ.

“ನಾನು.”

ಚಾಕು ನಿಂತಿತು.

“ನೀನೇ ಹೇಳಿದ್ಯಲ್ಲಣ್ಣ, ಆಸ್ಪತ್ರೇಲಿ... ಇನ್ನು ಕಡಲು ಸಾಕು ಅಂತ...”

“ಹೆಂಡ್ತಿ ಉಳೀತಾಳೋ ಇಲ್ವೋ ಅಂತ ಬಾಗಿಲಲ್ಲಿ ಕೂತಿರೋ ಗಂಡಸು ಏನಾದ್ರೂ ಹೇಳ್ತಾನೆ. ಅದನ್ನ ತಗೊಂಡು ಹೋಗಿ ಸರ್ಕಾರಿ ಕಾಗದದಲ್ಲಿ ಬರೀತಾರಾ?”

ಕೈ ತೊಳೆದುಕೊಂಡ. ನಿಧಾನವಾಗಿ ಒರೆಸಿಕೊಂಡ. “ಅವಳಿಗೆ ನಾನು ಹೇಳ್ತೀನಿ. ನೀನು ಬಾಯಿ ಬಿಡ್ಬೇಡ.”

ಈರುಳ್ಳಿ ಅರ್ಧ ಹೆಚ್ಚಿದ್ದು ಹಾಗೇ ಇದೆ. ಕಣ್ಣು ಉರಿಯುತ್ತಿದೆ. ಅದು ಈರುಳ್ಳಿಯಿಂದ ಅಂತ ಯಾರಿಗೆ ಹೇಳಲಿ, ಮನೆಯಲ್ಲಿ ಯಾರೂ ನನ್ನ ಮುಖ ನೋಡುತ್ತಿಲ್ಲ.

ಏಪ್ರಿಲ್ 10

ಆರ್ಡರ್ ಬಂತು. ಧಕ್ಕೆಯಲ್ಲಿ ಪಟಾಕಿ ಹೊಡೆದರು, ಲೈಸೆನ್ಸ್ ಉಳಿದವರು.

ಮೇ 14, ಬುಧವಾರ

ಮೇಲ್ಮನವಿಗಳ ದಿನ. ಅಣ್ಣ ಮನವಿ ಹಾಕಿರಲಿಲ್ಲ. “ನನ್ನ ಹೆಂಡ್ತಿ ಕಾಯಿಲೆ ತೋರ್ಸಿ ಲೈಸೆನ್ಸ್ ಬೇಡ್ಬೇಕಾ?” ಅಂತ ಅತ್ತಿಗೆಯ ಹತ್ತಿರ ಕೂಗಾಡಿದ್ದು ಮೇಲಿನ ರೂಮಿಗೆ ಕೇಳಿಸಿತ್ತು. ಮನವಿ ಹಾಕಿದವಳು ಅತ್ತಿಗೆ. ಎಡಗೈಯಲ್ಲಿ, ಮಗುವಿನ ಅಕ್ಷರದಲ್ಲಿ ಸಹಿ.

ಬೆಳಿಗ್ಗೆಯೇ ಸಾಹೇಬರಿಗೆ ತಿಳಿಸಿದೆ, ಇದೊಂದು ನಮ್ಮ ಮನೆಯದ್ದು, ನಾನು ಕೂರುವುದು ಸರಿಯಲ್ಲ ಅಂತ. “ತೀರ್ಮಾನ ಮಾಡೋರು ನಾವು ಮೂರು ಜನ. ನೀವು ಬಾಯಿ ಬಿಡಬೇಡಿ, ಬರೆದುಕೊಳ್ಳಿ ಅಷ್ಟೆ.” ಮೂರು ಜನ ಅಂದರೆ ಸಾಹೇಬರು, ಅಳತೆಗೋಲು ಮೇಡಂ, ಸಂಘದ ಅಧ್ಯಕ್ಷರು.

ಮಧ್ಯಾಹ್ನ ಅವಳ ಸರದಿ ಬಂತು. ವಾಕರಿನ ಸದ್ದು ಕಾರಿಡಾರಿನ ಆ ತುದಿಯಿಂದ... ಟಕ್... ಎಳೆತ... ಟಕ್. ಯಾರೂ ಕೂತಲ್ಲಿಂದ ಅಲುಗಲಿಲ್ಲ. ಹರಾಜಿನ ದಿನಗಳ ಕೆಂಪು ಸ್ಕಾರ್ಫು ಕಟ್ಟಿಕೊಂಡಿದ್ದಳು. ಅಣ್ಣ ಗೇಟಿನ ಹೊರಗೇ ನಿಂತನಂತೆ.

ಕುರ್ಚಿ ಕೊಟ್ಟರೆ ಕೂರಲಿಲ್ಲ. ಮಾತು ಶುರು ಮಾಡಿದಳು. ಗಾಬರಿಗೆ ನಾಲಿಗೆ ಇನ್ನೂ ತೊದಲಿತು. ಸಾಹೇಬರು ಮುಂದೆ ಬಾಗಿದರು, ಕಿವಿಗೆ ಕೈ ಹಿಡಿದರು. ಅರ್ಥವಾಗಲಿಲ್ಲ. ಅಧ್ಯಕ್ಷರಿಗೂ ಇಲ್ಲ. ಕೊನೆಗೆ ಮೂವರೂ ನನ್ನ ಕಡೆ ತಿರುಗಿದರು. ಅವಳ ಮಾತು ತಿಳಿಯುವುದು ಆ ಕೋಣೆಯಲ್ಲಿ ನನಗೊಬ್ಬಳಿಗೇ.

“ಅವರು ಹೇಳಿದ್ದನ್ನ ಹಾಗೇ ಹೇಳಿ,” ಅಂದರು ಸಾಹೇಬರು.

ಅವಳು ಹೇಳಿದಳು, ನಾನು ಹೇಳಿದೆ. ಅವಳ ಮಾತು, ನನ್ನ ದನಿ.

“ಸಾಹೇಬ್ರೇ, ನಮ್ಮ ಬೋಟು ಮಲಗಿರ್ಲಿಲ್ಲ. ಮಲಗಿದ್ದೋಳು ನಾನು.”

“ನನ್ನ ಗಂಡ ಸೋಮಾರಿಯಲ್ಲ. ಕಡಲಿಗೆ ಹೋದ್ರೆ ನಾನು ಸತ್ತುಹೋಗ್ತೀನೇನೋ ಅಂತ ಹೆದರಿ ಮನೇಲಿದ್ದ. ಹೆದರಿದ್ದು ತಪ್ಪಾ?”

“ನಾನು ಆವತ್ತೇ ಹೋಗಿದ್ರೆ ಇವತ್ತು ಅವನ ಹತ್ರ ಲೈಸೆನ್ಸ್ ಇರ್ತಿತ್ತು.”

ಈ ಕೊನೆಯದು ನನ್ನ ಬಾಯಿಂದ ಹೊರಡಲಿಲ್ಲ. ಅವಳು ವಾಕರಿನ ಹಿಡಿ ಬಿಟ್ಟು ಎಡಗೈ ಬೀಸಿದಳು. ಹೇಳು, ಹೇಳು ಅಂತ. ಹೇಳಿದೆ.

ಅಧ್ಯಕ್ಷರು ಕರವಸ್ತ್ರ ತೆಗೆದರು. ಆದರೂ ಮಾತಾಡಬೇಕಾದ್ದನ್ನು ಮಾತಾಡಿದರು. “ತಾಯೀ, ನಿಮ್ಮ ಕೂಗಿಗೆ ಮೀನು ಮಾರಿದೋನು ನಾನು. ಆದ್ರೆ ಹೊರಗೆ ಬೆಂಚಿನ ಮೇಲೆ ನೋಡಿ. ಒಬ್ಬನ ಅಪ್ಪನಿಗೆ ಕಣ್ಣು ಹೋಗಿದೆ, ಒಬ್ಬನಿಗೆ ಕಾಲೇ ಇಲ್ಲ, ಒಬ್ಬ ಮಗನ್ನ ಕಡಲಲ್ಲೇ ಕಳ್ಕೊಂಡು ಬೋಟು ಹತ್ತೋಕೆ ಆಗದೆ ಕೂತಿದ್ದ. ನಿಮಗೆ ಹೂಂ ಅಂದು ಅವರಿಗೆ ಊಹೂಂ ಅನ್ನೋದು ಹ್ಯಾಗೆ?”

ಅಳತೆಗೋಲು ಮೇಡಂ ತಲೆ ಎತ್ತಲೇ ಇಲ್ಲ. “ಎಲ್ಲರಿಗೂ ಹೂಂ ಅಂದ್ರೆ ಈ ಆರ್ಡರೇ ಮಾಡೋದು ಬೇಕಿರ್ಲಿಲ್ಲ.”

ಸಾಹೇಬರು ನನ್ನನ್ನು ಕೇಳಿದರು. ಕೇಳಬಾರದಿತ್ತು, ಅವರಿಗೂ ದಿಕ್ಕು ತೋಚಿರಲಿಲ್ಲ. “ರೂಲಿನಲ್ಲಿ ಎಲ್ಲಾದ್ರೂ ಒಂದಿಷ್ಟು ಜಾಗ ಇದೆಯೇನಮ್ಮ? ಬರೆದೋರು ನೀವು.”

“ಇಲ್ಲ ಸಾರ್.”

ನನ್ನದೇ ದನಿಯಲ್ಲಿ. ಇದನ್ನು ಯಾರಿಗಾಗಿಯೂ ಅನುವಾದ ಮಾಡಬೇಕಿರಲಿಲ್ಲ.

ಅತ್ತಿಗೆ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ನನ್ನ ಕೈಯನ್ನು ತಟ್ಟಿದಳು. “ಜಾಗ ಇದ್ದಿದ್ರೆ ನೀನು ಬಿಡ್ತಿದ್ಯಾ? ನಂಗೊತ್ತಿಲ್ವಾ.” ತಿರುಗಿದಳು. ಟಕ್... ಎಳೆತ... ಟಕ್.

ಮುಂದಿನ ಹೆಸರು ಕೂಗಬೇಕಾದವಳು ನಾನು. ಕೂಗಿದೆ.

ಜೂನ್ 15, ಭಾನುವಾರ

ಲೈಸೆನ್ಸ್ ಹೋದ ಬೋಟನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಕದ್ದು ಇಳಿಸುತ್ತಾರೆ ಅಂತ. ಒಡೆದು ತೋರಿಸಬೇಕು. ಇದೂ ರೂಲೇ. ಇದೂ ನಾನೇ.

ಒಡೆಯುವವರ ತಂಡ ಬಂದರೆ ಅಣ್ಣ ಹತ್ತಿರ ಬಿಡಲಿಲ್ಲ. “ನಾನು ಕಟ್ಟಿಸಿದ್ದು, ನಾನೇ ಬಿಚ್ತೀನಿ.” ಅಂಗಿ ಬಿಚ್ಚಿಟ್ಟು ಕೊಡಲಿ ತೆಗೆದುಕೊಂಡ. ಹೊಸ ನೀಲಿ ಪೇಂಟು ಇನ್ನೂ ಹೊಳೆಯುತ್ತಿತ್ತು, ಒಂದು ದಿನವೂ ನೀರು ಕಂಡಿರದ ಪೇಂಟು. ಮೊದಲ ಏಟಿಗೆ ಹಲಗೆ ಬಿರಿಯಲಿಲ್ಲ. ಎರಡನೆಯದಕ್ಕೂ ಇಲ್ಲ. ನೋಡುತ್ತಿದ್ದ ಮುದುಕನೊಬ್ಬ, “ಒಳ್ಳೇ ಮರ” ಅಂದ.

ಅತ್ತಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕೊಡೆ ಹಿಡಿದು, ಸಂಜೆಯವರೆಗೂ ಅಲ್ಲೇ. ನಾನು ರಸ್ತೆಯ ಆಚೆ, ಐಸ್ ಫ್ಯಾಕ್ಟರಿಯ ಗೋಡೆಯ ಹಿಂದೆ. ಸದ್ದು ಮಾತ್ರ ಕೇಳಿಸುವಷ್ಟು ದೂರ.

ಆಗಸ್ಟ್ 2, ಶನಿವಾರ

ಸೀಸನ್ ಶುರು. ಅಣ್ಣ ಹೊರಟ. ಗಿಡ್ಡನ ಬೋಟಿನಲ್ಲಿ, ಆಳಾಗಿ.

ಗಿಡ್ಡ ಅಂದರೆ ಹಿಂದೆ ನಮ್ಮ ಬೋಟಿನಲ್ಲೇ ಮಧ್ಯಾಹ್ನದ ಅಡುಗೆ ಮಾಡಿಕೊಂಡಿದ್ದವನು. ಕಡಲು ಕಲಿತದ್ದು ಅಣ್ಣನ ಕೈಕೆಳಗೆ. ಈಗ ದೊಡ್ಡ ಬೋಟಿನ ಮಾಲೀಕ. ಒಮ್ಮೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಅಣ್ಣ ಬಂದದ್ದು ನೋಡಿ ಪಾಪ ಅವನೇ ನಾಚಿಕೊಂಡ. “ಅಣ್ಣಾ, ನೀವು ಮೇಲೆ ಕ್ಯಾಬಿನ್ನಿಗೆ ಬನ್ನಿ. ನನ್ನ ಪಕ್ಕ ಕೂತ್ಕೊಳ್ಳಿ.”

“ಸ್ಟೇರಿಂಗ್ ನಿಂದು, ಹಗ್ಗ ನಂದು. ನೀನು ನಿನ್ನ ಕೆಲ್ಸ ನೋಡು” ಅಂದ ಅಣ್ಣ.

ಹೊರಡುವ ಮುಂಚೆ ಅತ್ತಿಗೆಯ ಜಡೆ ಹಾಕಿದ. ಹತ್ತು ದಿನಕ್ಕೂ ಬಿಚ್ಚದ ಹಾಗೆ, ಬಿಗಿಯಾಗಿ. ಎರಡು ವರ್ಷ ಅವಳನ್ನು ಬಿಟ್ಟು ಒಂದು ದಿನವೂ ಹೊರಗೆ ಮಲಗಿದವನಲ್ಲ.

ಅಕ್ಟೋಬರ್ 5, ಭಾನುವಾರ

ಅಣ್ಣ ಮೂರನೇ ಟ್ರಿಪ್ ಮುಗಿಸಿ ಮನೆಯಲ್ಲಿದ್ದಾನೆ. ಅಂದು ಅಡುಗೆಮನೆಯಲ್ಲಿ ಆಡಿದ ಮಾತೇ ಕೊನೆ. ನನ್ನ ಜೊತೆ ಮಾತಿಲ್ಲ. ಮುಖ ಊದಿಸಿಕೊಂಡಿಲ್ಲ, ಬೈದಿಲ್ಲ. ನನ್ನ ತಟ್ಟೆಗೆ ಅನ್ನ ಬಡಿಸುತ್ತಾನೆ. ಮಾತು ಮಾತ್ರ ಅತ್ತಿಗೆಯ ಮೂಲಕ. ನಾನು ಎದುರಿಗೇ ನಿಂತಿದ್ದರೂ, “ನಿನ್ನ ನಾದಿನಿಗೆ ಹೇಳು, ಗ್ಯಾಸ್ ಮುಗಿದಿದೆ.”

ಅತ್ತಿಗೆ ನನ್ನ ಕಡೆ ತಿರುಗಿ ಗಂಭೀರವಾಗಿ, “ನಾದಿನೀ, ಗ್ಯಾಸ್ ಮುಗಿದಿದೆಯಂತೆ.”

“ನಿನ್ನ ಗಂಡನಿಗೆ ಹೇಳು, ನಿನ್ನೆಯೇ ಬುಕ್ ಮಾಡಿದ್ದೀನಿ.”

“ರೀ, ಬುಕ್ ಆಗಿದೆಯಂತೆ. ಅಯ್ಯೋ, ನಾಲಿಗೆ ತೊದಲೋಳಿಗೇ ಸಿಕ್ತಲ್ಲಪ್ಪಾ ಈ ಪೋಸ್ಟ್‌ಮ್ಯಾನ್ ಕೆಲ್ಸ!”

ಅವಳೊಬ್ಬಳೇ ನಕ್ಕಳು. ಆಮೇಲೆ, ಅಣ್ಣ ಆಚೆ ಹೋದ ಮೇಲೆ: “ಮಾತಾಡ್ತಾನೆ ಬಿಡು. ಅವನಿಗೆ ಕೋಪ ನಿನ್ನ ಮೇಲಲ್ಲ. ನಿನ್ನನ್ನ ಬಯ್ಯೋಕೆ ಕಾರಣ ಸಿಗ್ತಿಲ್ವಲ್ಲ, ಅದರ ಮೇಲೆ.”

ಅವನಿಲ್ಲದ ದಿನಗಳಲ್ಲಿ ನಾನೇ ಅವಳ ಜೊತೆ. ಹಗಲು ಎದುರುಮನೆಯಾಕೆ ಬಂದು ಕೂರುತ್ತಾಳೆ. ಹೋದ ವಾರ ಬಿಪಿ ನೋಡಿದೆ, ಸ್ವಲ್ಪ ಜಾಸ್ತಿ. ಅಣ್ಣನಿಗೆ ಹೇಳಬೇಡ ಅಂದಳು. ಹೇಳಿದರೆ ಮತ್ತೆ ಬೋಟು ಬಿಟ್ಟು ಕೂರುತ್ತಾನಂತೆ. ಡಾಕ್ಟರಿಗಾದರೂ ತೋರಿಸಿದೆವು, ಮಾತ್ರೆ ಬದಲಾಯಿಸಿದರು.

ನವೆಂಬರ್ 18, ಮಂಗಳವಾರ

ಅಣ್ಣ ಮಾತಾಡಿದ. ನನ್ನ ಜೊತೆ!

ಬೆಳಿಗ್ಗೆ ವೈರ್‌ಲೆಸ್ ರೂಮಿನ ಆಪರೇಟರು ಓಡಿಬಂದ. ಎರಡೆರಡು ಸಲ ಹಲೋ ಅನ್ನುವುದರಿಂದ ಅವನಿಗೆ ಹಲೋಹಲೋ ಅಂತಲೇ ಹೆಸರು. “ಮೇಡಂ ಮೇಡಂ, ನಿಮ್ಮಣ್ಣ ಲೈನಲ್ಲಿದ್ದಾರೆ. ನಿಮ್ಮನ್ನೇ ಕರೀತಿದ್ದಾರೆ.”

ಓಡಿದೆ.

ಗೊರಗೊರ ಸದ್ದಿನ ನಡುವೆ ಅವನ ದನಿ. “ಏ ತಂಗೀ! ಕೇಳಿಸ್ತಿದ್ಯಾ? ಬಲೆ ಎತ್ತೋಕಾಗ್ತಿಲ್ಲ ಕಣೇ! ನಮ್ಮ ಮದುವೆ ವರ್ಷ ನೋಡಿದ್ದೆ ಇಂಥ ಮೀನು, ಆಮೇಲೆ ಇವತ್ತೇ. ಒಂದೊಂದೂ ಮೊಣಕೈ ಉದ್ದ. ನಿಮ್ಮ ಅಳತೆಗೋಲಮ್ಮಂಗೆ ಹೇಳು, ಸ್ಕೇಲು ಸಾಲಲ್ಲ ಅಂತ!”

ಹೂಂ ಅಂದೆ.

“ನಾಳೆ ಬರ್ಬೇಕಿತ್ತು. ಈ ಮೀನು ಬಿಟ್ಟು ಯಾರು ಬರ್ತಾರೆ? ಇನ್ನೂ ನಾಲ್ಕೈದು ದಿನ ಆಗುತ್ತೆ. ಅವಳಿಗೆ ಹೇಳು. ಜಡೆ ಬಿಚ್ಚಿ ಹಾಕು, ಸಿಕ್ಕಾಗಿರುತ್ತೆ.” ಸ್ವಲ್ಪ ಹೊತ್ತು ಬರೀ ಗೊರಗೊರ. ಆಮೇಲೆ, “ನಿನ್ನ ಆ ರೂಲು... ಹೂಂ, ಇರ್ಲಿ. ಓವರ್.”

ಅಳತೆಗೋಲು ಮೇಡಂಗೆ ಫೋನ್ ಮಾಡಿದೆ. ರೂಲಿನಿಂದಲಾ ಮೇಡಂ ಇದು? “ಒಂದು ಸೀಸನ್ನಿಗೆ ಹೇಳೋಕಾಗಲ್ಲ. ಈ ವರ್ಷ ನೀರು ತಣ್ಣಗಿದೆ, ಅದೂ ಇರಬಹುದು.” ಆಮೇಲೆ ತಡೆದುಕೊಳ್ಳಲಾರದೆ, “ಆದ್ರೂ ಮೊಣಕೈ ಉದ್ದ ಅಂದ್ರಾ? ನಿಜವಾಗ್ಲೂ?”

ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಎಲ್ಲ. ಮದುವೆ ವರ್ಷ ಅನ್ನುವುದನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ದಿಂಬಿಗೆ ಒರಗಿ ಕೂತು, ಎಡಗೈ ಮೇಲೆತ್ತಿ, ಶುರು ಮಾಡಿಯೇಬಿಟ್ಟಳು. ಹರಾಜು! ತೊದಲು ನಾಲಿಗೆಯಲ್ಲಿ, ಹಳೆಯ ರಾಗದಲ್ಲಿ. ಇಲ್ಲದ ಮೀನಿಗೆ. ನಾನು ಕೂಗಿದೆ, ಎದುರುಮನೆಯಾಕೆ ಇನ್ನೂ ಮೇಲೆ ಕೂಗಿದಳು, ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೊನೆಗೆ ನನಗೇ ಕೊಟ್ಟಳು. “ತಗೋ, ನಿಂಗೇ. ರೂಲು ಮಾಡಿದೋಳು ನೀನು.”

ಜಡೆ ಬಿಚ್ಚಿ ಹೊಸದಾಗಿ ಹಾಕಿದೆ. ಅಣ್ಣನ ಗಂಟು ಬಿಡಿಸಲು ಬಾಚಣಿಗೆಯ ಹಿಂಬದಿ ಬೇಕಾಯಿತು.

ನವೆಂಬರ್ 20, ಗುರುವಾರ. ಆಸ್ಪತ್ರೆ, ಸಂಜೆ

ಹನ್ನೊಂದರ ಹೊತ್ತಿಗೆ ಎದುರುಮನೆಯಾಕೆಯ ಫೋನು. ಮಾತಾಡುತ್ತಾ ಆಡುತ್ತಾ ಹಾಗೇ ವಾಲಿದಳಂತೆ. ಮೆದುಳಿನಲ್ಲಿ ರಕ್ತಸ್ರಾವ. ದೊಡ್ಡದು. ಡಾಕ್ಟರು ‘ಕಾದು ನೋಡೋಣ’ ಅನ್ನುವಾಗ ನನ್ನ ಕಣ್ಣು ನೋಡಲಿಲ್ಲ.

ಹಲೋಹಲೋಗೆ ಹೇಳಿದ್ದೇನೆ. ಗಿಡ್ಡನ ಬೋಟು ಸಿಗುತ್ತಿಲ್ಲ. ಮೀನಿನ ಹಿಂದೆ ಇನ್ನೂ ಆಳಕ್ಕೆ ಹೋಗಿದ್ದಾರೆ. ಪ್ರಯತ್ನ ಮಾಡುತ್ತಿದ್ದಾನೆ.

ಅವಳ ಎಡಗೈ ಹಿಡಿದು ಕೂತಿದ್ದೇನೆ. ಬೆಚ್ಚಗಿದೆ.

ನವೆಂಬರ್ 21, ಶುಕ್ರವಾರ. ಮಧ್ಯಾಹ್ನ

ಬೆಳಿಗ್ಗೆ ಹೋದಳು.

ಸದ್ದಿಲ್ಲ. ಅಷ್ಟು ದೊಡ್ಡ ದನಿಯವಳು.

ಆಸ್ಪತ್ರೆಯಿಂದ ನೇರ ವೈರ್‌ಲೆಸ್ ರೂಮಿಗೆ ಹೋದೆ. ಸಂಪರ್ಕ ಸಿಕ್ಕಿತ್ತು. ಆ ಕಡೆ ಗಿಡ್ಡ. ಅಣ್ಣ ಕೆಳಗೆ ಡೆಕ್ಕಿನಲ್ಲಿ ಬಲೆ ಎಳೆಯುತ್ತಿದ್ದಾನೆ ಅಂದ. ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ.

ಆ ಕಡೆಯಿಂದ ಗಿಡ್ಡನ ದನಿ. ಅಳುತ್ತಿದ್ದ. “ಅಕ್ಕಾ, ನಡುನೀರಲ್ಲಿ ಹೇಳೋದು ಬೇಡ. ಕೈಲಿ ಹಗ್ಗ ಇದೆ ಅವರ ಹತ್ರ. ಇಂಜಿನ್ ತೊಂದ್ರೆ ಅಂತ ಹೇಳಿ ಬೋಟು ತಿರುಗಿಸ್ತೀನಿ. ಬರೋಕೆ ಒಂದೂವರೆ ದಿನ ಆದ್ರೂ ಬೇಕು. ಧಕ್ಕೆಗೆ ಬಂದ ಮೇಲೆ ನೀವೇ ಹೇಳಿ. ನಿಮ್ಮ ಬಾಯಿಂದಾನೇ ಕೇಳ್ಬೇಕು ಅವರು.”

ಆ ಚಾನೆಲ್ಲು ಎಲ್ಲ ಬೋಟುಗಳಿಗೂ ಕೇಳಿಸುತ್ತದೆ. ದಿನವಿಡೀ ಗಲಾಟೆ, ಜೋಕು, ಬೈಗುಳ. ಇವತ್ತು ನಾನು ಮೈಕು ಕೆಳಗಿಟ್ಟ ಮೇಲೆ ಯಾರೂ ಒಂದು ಮಾತೂ ಆಡಲಿಲ್ಲ. ಹಲೋಹಲೋ ಕೂಡ ಹಲೋ ಅನ್ನಲಿಲ್ಲ.

ನವೆಂಬರ್ 22

ಅಣ್ಣ ಬರುವವರೆಗೆ ಅತ್ತಿಗೆಯನ್ನು ಆಸ್ಪತ್ರೆಯ ಶವಾಗಾರದಲ್ಲೇ ಇಟ್ಟಿದ್ದಾರೆ. ಸಾಹೇಬರು, ಅಳತೆಗೋಲು ಮೇಡಂ ಮನೆಗೆ ಬಂದಿದ್ದರು. ಮೇಡಂ ಏನೂ ಹೇಳದೆ ಪಾತ್ರೆ ತೊಳೆದಿಟ್ಟು ಹೋದರು.

ಅವನು ಆಳಾಗಿ ಹೋಗದೆ, ತನ್ನದೇ ಬೋಟಿನಲ್ಲಿದ್ದಿದ್ದರೆ... ಅದು ಚಿಕ್ಕ ಬೋಟು, ಬೆಳಿಗ್ಗೆ ಹೋಗಿ ಸಂಜೆ ಬರುವುದು. ಮೀನು ಇಷ್ಟು ಬರದೇ ಹೋಗಿದ್ದರೆ ಬುಧವಾರವೇ ಬಂದಿರುತ್ತಿದ್ದ. ಹೇಗೆ ತಿರುಗಿಸಿ ನೋಡಿದರೂ

ನವೆಂಬರ್ 23, ಭಾನುವಾರ. ಧಕ್ಕೆ, ಬೆಳಿಗ್ಗೆ

ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ. ಐಸ್ ಪೆಟ್ಟಿಗೆಯ ಮೇಲೆ ಕೂತಿದ್ದೇನೆ. ಸಂಘದ ಅಧ್ಯಕ್ಷರು ಸ್ವಲ್ಪ ದೂರದಲ್ಲಿ ನಿಂತಿದ್ದಾರೆ. ಇವತ್ತು ಹರಾಜು ಇಲ್ಲ. ಯಾರೂ ಹೇಳದೆಯೇ ನಿಲ್ಲಿಸಿದ್ದಾರೆ. ಬುಟ್ಟಿಗಳೆಲ್ಲ ಖಾಲಿ.

ಹೇಗೆ ಶುರು ಮಾಡಲಿ? ‘ಅಣ್ಣಾ’ ಅಂತ. ಆಮೇಲೆ? ಮೊದಲು ಕೂರಿಸಬೇಕು. ನೀರು ತಂದಿದ್ದೇನೆ.

ಕಂಡಿತು. ತಡೆಗೋಡೆ ದಾಟಿ ಬರುತ್ತಿದೆ. ಅಂಚು ನೀರಿಗೆ ತಾಗುವಷ್ಟು ತುಂಬಿದೆ ಬೋಟು. ಇಷ್ಟು ತುಂಬಿ ಬಂದ ಬೋಟು ಈ ಧಕ್ಕೆ ಎಷ್ಟೋ ವರ್ಷದಿಂದ ನೋಡಿಲ್ಲ.

ಅಣ್ಣ ಮುಂದೆಯೇ ನಿಂತಿದ್ದಾನೆ. ಮಿಕ್ಕವರೆಲ್ಲ ತಲೆ ತಗ್ಗಿಸಿದ್ದಾರೆ, ಅವನೊಬ್ಬನೇ ಕೈ ಬೀಸುತ್ತಿದ್ದಾನೆ. ನನಗೆ. ನಗುತ್ತಿದ್ದಾನೆ.

ಏನೋ ಕೂಗಿದ. ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಮತ್ತೆ ಕೂಗಿದ. “ಒಬ್ಬಳೇ ಬಂದ್ಯಾ? ಅವಳನ್ನೂ ಕರ್ಕೊಂಡು ಬರೋದಲ್ವೇನೇ!”

ಇಂಜಿನ್ ನಿಂತಿತು. ಹಗ್ಗ ಎಸೆದರು. ಅಧ್ಯಕ್ಷರು ತಾವೇ ಹಿಡಿದು ಕಟ್ಟುತ್ತಿದ್ದಾರೆ. ಅಣ್ಣ ಅವರ ಮುಖ ನೋಡಿದ. ಗಿಡ್ಡನ ಮುಖ ನೋಡಿದ. ಈಗ ಇತ್ತ ತಿರುಗಿ ಬರುತ್ತಿದ್ದಾನೆ, ನನ್ನ ಕಡೆಗೇ, ನಾನು ಏಳಬೇಕು, ಎದ್ದು